ಅತಿಥಿ ಮೆಚ್ಚಿದ ಕುದುರೆ

ಜರ್ಮನಿಯ ಸಾಹೇಬರೊಬ್ಬರು ಬರುತ್ತಾರಂತೆ ಎಂಬ ಸುದ್ದಿ ಬಂದಾಗಿನಿಂದ ಸೈರಗುಲ್‌ಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ನಾರಿನ್ ಬೆಟ್ಟಸೀಮೆಯ ಅವಳ ಊರಲ್ಲಿ ಕುರಿಗಳಿಂದ ಕತ್ತರಿಸಿದ ಉಣ್ಣೆ ಮನೆಗಳ ಹಿಂದೆ ರಾಶಿ ಬಿದ್ದು ಕೊಳೆಯುತ್ತಿತ್ತು. ಸಾಹೇಬರು ಬಂಡವಾಳ ಹಾಕಿ ಉಣ್ಣೆ ತೊಳೆಯುವ ಕಾರ್ಖಾನೆ ಕಟ್ಟಿಸಿದರೆ, ಮಾಸ್ಕೋದಲ್ಲಿ ಯಾರದೋ ಗೋಡೆಗೆ ಗಾರೆ ಮೆತ್ತುತ್ತಿರುವ ಗಂಡ ಜೊಲ್ದೋಷ್ ಮನೆಗೆ ಬರುತ್ತಾನೆ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ರೈನ್‌ಹಾರ್ಟ್ ಸಾಹೇಬರು, ಊರವರು ಬೇಸಿಗೆಯಲ್ಲಿ ಗುಡಾರ ಹಾಕುವ ಹುಲ್ಲುಗಾವಲಿಗೇ ಬಂದರು. ಜೊತೆಗೆ ರಾಜಧಾನಿ ಬಿಷ್ಕೆಕ್‌ನಿಂದ ಮಾತು ತರ್ಜುಮೆ ಮಾಡಲು ಅಜತ್ ಎಂಬ ಹುಡುಗ. ಸೈರಗುಲ್‌ಳ ಮಾವ ಕೆರಿಮ್‌ಕುಲ್ ಹುಲ್ಲುಗಾವಲು ಸಮಿತಿಯ ಮುಖ್ಯಸ್ಥ. ಕಾರ್ಖಾನೆಗೆ ಜಾಗ ಕೊಡಲು ಸಹಿ ಹಾಕಬೇಕಾದವನೂ ಅವನೇ. ಗುಡಾರದೊಳಗೆ ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಅತಿಥಿಯನ್ನು ಕೂರಿಸಿ, ಕುರಿ ಕಡಿದು, ಅತಿಥಿಗೆ ಸಲ್ಲುವ ಮರ್ಯಾದೆಯೆಂದು ಬೇಯಿಸಿದ ತಲೆಯನ್ನು ಅವರ ಮುಂದಿಟ್ಟ.

"ಕಿವಿ ಕೊಯ್ದು ಚಿಕ್ಕವರಿಗೆ ಕೊಡಿ ಅಂತ ಹೇಳೋ ಅಜತ್. ಸುಮ್ನೆ ಆ ತಲೇನೇ ನೋಡ್ಕೊಂಡು ಕೂತವ್ರೆ, ಅದೇನು ಇವ್ರನ್ನ ಮಾತಾಡ್ಸುತ್ತಾ?" ಎಂದ ಕೆರಿಮ್‌ಕುಲ್.

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಹುಳಿ ಕುದುರೆಹಾಲಿನ ಬಟ್ಟಲು ಮುಗಿಸಿ ಇನ್ನೊಂದು ಕೇಳಿದರು. ಉಣ್ಣೆ ಹಿಸುಕಿ ನೋಡಿದರು, ನೀರಿನ ತೊರೆ ನೋಡಿದರು. ಯಂತ್ರಗಳನ್ನು ವಸಂತದೊಳಗೆ ತರಿಸೋಣ ಎಂದರು. ಸೈರಗುಲ್ ಬಟ್ಟಲಿಗೆ ಚಹಾ ಬಗ್ಗಿಸುತ್ತ, ಗಂಡನ ಹಾಸಿಗೆಯನ್ನು ಬಿಸಿಲಿಗೆ ಹಾಕಬೇಕು ಎಂದುಕೊಂಡಳು.

ಹೊರಡುವ ಹೊತ್ತಿಗೆ ಕಟ್ಟಿದ್ದ ಕಂದು ಕುದುರೆಯ ಕುತ್ತಿಗೆ ಸವರಿ ಸಾಹೇಬರು ಏನೋ ಹೇಳಿದರು.

"ಇಂಥ ಕುದುರೆ ಜನ್ಮದಲ್ಲಿ ನೋಡಿಲ್ವಂತೆ," ಅಂದ ಅಜತ್.

ಕೆರಿಮ್‌ಕುಲ್ ಎರಡನೆಯ ಯೋಚನೆ ಮಾಡಲಿಲ್ಲ. ಗೂಟದಿಂದ ಹಗ್ಗ ಬಿಚ್ಚಿ ಸಾಹೇಬರ ಕೈಗಿಟ್ಟ. ಅತಿಥಿ ಮೆಚ್ಚಿದ್ದು ಅತಿಥಿಯದು. ಅವನ ಅಪ್ಪ, ಅಜ್ಜ ಎಲ್ಲರೂ ಹಾಗೇ ಬದುಕಿದವರು.

ಸಾಹೇಬರ ಮುಖದ ನಗು ಆರಿತು. "ನಮ್ಮ ಕಂಪನಿಯಲ್ಲಿ ಒಂದು ಪೆನ್ನೂ ತಗೊಳ್ಳೋ ಹಾಗಿಲ್ಲ ಅಂತ ಹೇಳಪ್ಪ," ಎಂದರು. ಅಜತ್ ಹಿರಿಯರ ಮುಂದೆ ಅದನ್ನು ಹೇಗೆ ಹೇಳುವುದೆಂದು ಒದ್ದಾಡಿ, "ತುಂಬಾ ದೊಡ್ಡದಾಯ್ತು ಅಂತಿದಾರೆ ಅಣ್ಣ," ಅಂದ.

"ನಾಚ್ಕೆ ಕಣೋ ಅವ್ರಿಗೆ!" ಎಂದ ಕೆರಿಮ್‌ಕುಲ್. "ಮೊದಲು ಬೇಡ ಅನ್ನದಿದ್ರೆ ಅದೆಂಥ ಮರ್ಯಾದಸ್ಥ? ಜೀನೂ ಸೇರಿಸಿ ಕೊಡ್ತೀನಿ ಅನ್ನು!"

ಅವರು ಬೇಡ ಅಂದಷ್ಟೂ ಇವನು ಕೊಡುತ್ತ ಹೋದ. ಜೀನು ಬಂತು, ಬೆಳ್ಳಿ ಕಟ್ಟಿನ ಚಾವಟಿ ಬಂತು. ಒಪ್ಪಂದ ಇನ್ನೂ ಆಗಿಲ್ಲ, ಜಾಗಕ್ಕೆ ಸಹಿ ಹಾಕುವವನೇ ಕುದುರೆ ಕೊಡುತ್ತಿದ್ದಾನೆ. ಸಾಹೇಬರ ಕಣ್ಣಿಗೆ ಅದು ಏನಾಗಿ ಕಾಣುತ್ತಿದೆ ಎಂಬುದು ಸೈರಗುಲ್‌ಗೆ ಗೊತ್ತಿತ್ತು. ಮದುವೆಗೆ ಮುಂಚೆ ಬಿಷ್ಕೆಕ್‌ನಲ್ಲಿ ವಿದೇಶಿ ಕಂಪನಿಯೊಂದರ ಕಚೇರಿಯಲ್ಲಿದ್ದಾಗ, ಹಬ್ಬಕ್ಕೆ ಬಂದ ಒಂದು ಜಮಖಾನ ಇಸಿದುಕೊಂಡವನ ಕೆಲಸ ಹೋದದ್ದನ್ನು ಅವಳು ಕಂಡಿದ್ದಳು. "ಮಾವ, ಸಾಕು" ಎಂಬ ಮಾತು ಗಂಟಲವರೆಗೂ ಬಂತು. ಆದರೆ ಸೊಸೆ ಮಾವನ ಹೆಸರನ್ನೂ ನಾಲಿಗೆಗೆ ತರದ ಮನೆ ಅದು; ಅತಿಥಿಯ ಎದುರು ಅವನ ಕೈ ತಡೆಯುವುದೇ? ಅವಳು ಕೈಯಲ್ಲಿದ್ದ ಚಹಾ ಕೆಟಲ್ ನೋಡುತ್ತ ನಿಂತಳು.

ಸಾಹೇಬರು ಹಗ್ಗವನ್ನು ಮೆಲ್ಲಗೆ ಗೂಟಕ್ಕೆ ಸುತ್ತಿ, ಎಲ್ಲರ ಕೈ ಕುಲುಕಿ ಜೀಪು ಹತ್ತಿದರು.

ಬೇಸಿಗೆ ಮುಗಿಯುವಷ್ಟರಲ್ಲಿ ಅಜತ್ ಫೋನ್ ಮಾಡಿದ. ಕಂಪನಿ ಬೇರೆ ಕಡೆ ನೋಡುತ್ತಿದೆ ಎಂದಷ್ಟೇ ಹೇಳಿದ. ಕೆರಿಮ್‌ಕುಲ್ ಹಗಲೆಲ್ಲ ಗಡ್ಡ ನೀವುತ್ತ ಕೂತಿದ್ದವನು ಸಂಜೆ ಎದ್ದು, "ಕುದುರೆ ಸಣ್ಣದಾಯ್ತು ಮಗಳೇ," ಅಂದ. "ಅಷ್ಟು ದೂರದಿಂದ ಬಂದೋರಿಗೆ ಒಂದು ಗಂಡುಕುದುರೆ ಏನು ಮಹಾ! ಮರಿ ಹಾಕಿರೋ ಬಿಳಿ ಹೆಣ್ಣುಕುದುರೆ ಇದೆಯಲ್ಲ, ಅದನ್ನ ಲಾರೀಲಿ ಹಾಕ್ಕೊಂಡು ಬಿಷ್ಕೆಕ್‌ಗೆ ನಾನೇ ಹೋಗ್ತೀನಿ."

ಆಗ ಸೈರಗುಲ್ ಬಾಯಿ ಬಿಡಲೇಬೇಕಾಯಿತು.

"ಬೇಡಿ ಮಾವ. ಅವರು ಅದನ್ನ ಲಂಚ ಅಂದ್ಕೊಂಡ್ರು."

ಮುದುಕನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಅವನ ಮುಖ ಕೆಂಪಾಗಿ, ಬಿಳಿಚಿ, ಇಳಿದುಹೋಯಿತು. "ಲಂಚ! ನಾನು?" ಎಂದ. ಸೊಸೆಯ ಕಡೆ ತಿರುಗಿ, "ನಿಂಗೆ ಆವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ನೀವು ಮಾತಾಡ್ತಿದ್ರಿ ಮಾವ."

"ಹೇಳಿದ್ರೆ ಬೈತಿದ್ದೆ. ಜನರೆದುರು ಚೆನ್ನಾಗೇ ಬೈತಿದ್ದೆ," ಎಂದ ಕೆರಿಮ್‌ಕುಲ್ ನಿಧಾನವಾಗಿ. "ನಾಲ್ಕು ದಿನ ಮುಖ ಊದಿಸ್ಕೊಂಡು ತಿರುಗ್ತಿದ್ದೆ. ಅಷ್ಟೇ ತಾನೇ ಮಗಳೇ? ಅಷ್ಟೇ ಆಗ್ತಿತ್ತು."

ಬೈಗುಳಕ್ಕಿಂತ ಹೆಚ್ಚಾಗಿ ಆ ಮಾತೇ ಅವಳನ್ನು ಸುಟ್ಟಿತು. ತನ್ನ ಬಾಯಿ ಮುಚ್ಚಿಸಿದ್ದು ಅವನಲ್ಲ, ಅವನು ಬೈಯಬಹುದೆಂಬ ತನ್ನದೇ ಅಂಜಿಕೆ.

ಮರುದಿನ ಜೊಲ್ದೋಷ್ ಫೋನ್ ಮಾಡಿದ. ಮುದುಕ ಫೋನೆತ್ತಿ, ಸೊಸೆಯ ಕೈಗೆ ಕೊಟ್ಟು ಎದುರೇ ಕೂತ.

"ಏನೇ, ಯಂತ್ರದ ಸುದ್ದಿ ಬಂತಾ? ಮೇಸ್ತ್ರಿಗೆ ಹೇಳ್ಬಿಟ್ಟಿದೀನಿ, ಇನ್ನು ನನ್ನ ಮುಖ ನೋಡಲ್ಲ ನೀನು ಅಂತ! ಟಿಕೆಟ್ ತಗೊಳ್ಲಾ?"

ಸೈರಗುಲ್ ಮಾವನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಬೇಡ ರೀ," ಅಂದಳು ಗಟ್ಟಿಯಾಗಿ, ಮಾವನಿಗೂ ಕೇಳುವ ಹಾಗೆ. "ಮೇಸ್ತ್ರಿ ಹತ್ರ ಇನ್ನೊಂದ್ಸಲ ಮಾತಾಡಿ. ಈ ಚಳಿಗಾಲಾನೂ ಅಲ್ಲೇ ಇರ್ಬೇಕಾಗುತ್ತೆ."