ಮೋಲ್ಡ್ ಹಾಕಿದ ಗುರುವಾರ

ಮತ್ತೊಂದು ಬಾಂಡ್ಲಿ ಬಂತು, ಓರೆಯಾಗಿ ಬಂತು, ಚೂಡಾಮಣಿಯಮ್ಮನವರ ಹಿತ್ತಿಲ ಬಾಗಿಲಲ್ಲಿ ನೇರವಾಗಿ ಬರುವುದು ಬೆಕ್ಕು ಮಾತ್ರ, ಕೂಲಿಯ ಸಿದ್ದಲಿಂಗಮ್ಮ ಉಸಿರು ಬಿಗಿಹಿಡಿದು, ಸೊಂಟ ತಿರುಗಿಸಿ, ಕಾಂಕ್ರೀಟು ಅಲುಗದ ಹಾಗೆ ದಾಟಿದಳು, ಆದರೂ ಒಂದು ಹನಿ ಬಿತ್ತು, ಚೂಡಾಮಣಿಯಮ್ಮ ಒದ್ದೆ ಬಟ್ಟೆ ಹಿಡಿದು ಅದಕ್ಕೇ ಕಾದಿದ್ದರು, ಲಿಂಗರಾಜು, ನನ್ನ ಕೆಂಪು ನೆಲ ಕಣೋ, ನಮ್ಮತ್ತೆ ಕಾಲದ್ದು, ಹೂಂ ಅಮ್ಮಾ ಹೂಂ, ನನ್ನ ವರ್ಕ್‌ಶಾಪಿನ ಸೂರಿನ ಅಂಚಿನಲ್ಲಿ ನಿಂತು ಹೂಂಗುಟ್ಟುತ್ತೇನೆ, ಇವತ್ತು ನಾನು ಹೂಂ ಅನ್ನದ ಮಾತಿಲ್ಲ. ತಮ್ಮ ಹಿತ್ತಿಲನ್ನು ವರ್ಕ್‌ಶಾಪಿಗೆ ಕೊಟ್ಟವರೇ ಅವರು, ದಾರಿ ಮಾತ್ರ ನಮ್ಮ ಮನೆಯೊಳಗಿಂದಲೇ ಕಣಪ್ಪ ಅಂದಿದ್ದರು, ಹೂಂ, ಸೂರಿಗೆ ಮೋಲ್ಡ್ ಹಾಕೋ ದಿನದ ಬಾಡೂಟ ನಮ್ಮ ನಡುಮನೆ ದಾಟೋ ಹಾಗಿಲ್ಲ, ಅದಕ್ಕೂ ಹೂಂ, ಅದಕ್ಕೇ ಮೇಸ್ತ್ರಿ ಚೆಲುವಯ್ಯನ ಮುಖ ಬೆಳಿಗ್ಗೆಯಿಂದ ಊದಿಕೊಂಡಿದೆ, ಮೋಲ್ಡ್ ದಿನ ಬಿಸಿಬೇಳೆ ಬಾತಾ ಲಿಂಗರಾಜಣ್ಣ, ಇಡೀ ಮಂಡಿ ಮೊಹಲ್ಲಾದಲ್ಲಿ ಎಲ್ಲೂ ಕೇಳಿಲ್ಲ ಬುಡಿ — ಇರಲಿ, ಊದಲಿ, ಸೂರು ಆದರೆ ಸಾಕು, ಹೂಟಗಳ್ಳಿಯ ಕಾರ್ಖಾನೆಯಲ್ಲಿ ಬೇರೆಯವರ ಲೇತಿನ ಮುಂದೆ ನಿಂತು ನಿಂತು ಸವೆದ ಕಾಲು ಇದು, ಈಗ ನನ್ನದೇ ಲೇತು, ನನ್ನದೇ ಸೂರು, ನನ್ನ ಹೆಂಡತಿ ಮಂಜುಶ್ರೀ ಬೋರ್ಡು ಕೂಡ ಬರೆಸಿಬಿಟ್ಟಿದ್ದಾಳೆ, ಅವಳ ತಮ್ಮ ವಿಶ್ವನಾಥ್ ಏನಂದಿದ್ದ, ಭಾವ, ನಿಮಗೆ ಪ್ಲಾನಿಂಗ್ ಸಾಲ್ದು, ಬಂದು ನೋಡಲಿ, ಅರ್ಧ ಸೂರು ಆಗಲೇ ತುಂಬಿದೆ, ರಸ್ತೆಯಲ್ಲಿ ಮಿಕ್ಸರು ಗರಗರ ಅನ್ನುತ್ತಿದೆ, ಎಷ್ಟು ಚೆನ್ನಾಗಿದೆ ಆ ಸದ್ದು, ಅಷ್ಟರಲ್ಲಿ ಚೂಡಾಮಣಿಯಮ್ಮ ಬಟ್ಟೆ ಹಿಂಡುತ್ತಾ ತಲೆಯೆತ್ತಿ, ಅಲ್ಲ ಲಿಂಗರಾಜು, ಮಿಷನ್ನು ಈ ಬಾಗಿಲಲ್ಲಿ ಹಿಡಿಯಲ್ಲ, ಕ್ರೇನಲ್ಲಿ ಮೇಲಿಂದ ಇಳಿಸ್ತೀನಿ ಅಂದಿದ್ಯಲ್ಲೋ, ಅದನ್ನ ಯಾವಾಗ ಇಳಿಸ್ದೆ, ನಾನು ನೋಡ್ಲೇ ಇಲ್ಲ.

ಹೂಂ ಅಮ್ಮಾ — ಬಾಯಿ ತಾನಾಗಿಯೇ ಅಂದುಬಿಟ್ಟಿತು. ಇಳಿಸಿಲ್ಲ. ಲೇತು ರಸ್ತೆಯಲ್ಲಿದೆ, ಟಾರ್ಪಾಲ್ ಹೊದ್ದು, ಮಿಕ್ಸರಿನ ಪಕ್ಕದಲ್ಲೇ ಕೂತಿದೆ, ಬೆಳಿಗ್ಗೆ ನಾನೇ ಊದುಬತ್ತಿ ಹಚ್ಚಿ ಬಂದೆ, ದೇವರೇ, ಕೈಮುಗಿದೂ ಬಂದೆ, ಆಗಲೂ ಹೊಳೆಯಲಿಲ್ಲವಲ್ಲ, ಎಲ್ಲ ಮುಹೂರ್ತದ ಕೆಲಸ, ಚೂಡಾಮಣಿಯಮ್ಮನವರ ಯಜಮಾನರು ವೆಂಕಟಸುಬ್ಬಯ್ಯನವರು ಪಂಚಾಂಗ ತೆಗೆದು, ಸೂರಿಗೆ ಗುರುವಾರ ಚೆನ್ನಾಗಿದೆಯಪ್ಪಾ, ಯಂತ್ರಪ್ರವೇಶಕ್ಕೆ ಶುಕ್ರವಾರ ಅದಕ್ಕಿಂತ ಚೆನ್ನಾಗಿದೆ, ಆಹಾ, ಅಂದೆ ನಾನು, ಒಂದರ ಹಿಂದೆ ಒಂದು, ಇಬ್ಬರೂ ಖುಷಿಯಾಗಿ ಕಾಫಿ ಕುಡಿದೆವು, ಗ್ರಹಗಳೆಲ್ಲ ಸರಿಯಾದ ಮನೆಯಲ್ಲಿದ್ದವು, ಲೇತು ಯಾವ ಮನೆಯಲ್ಲಿದೆ ಅಂತ ಒಬ್ಬರಾದರೂ ಕೇಳಬೇಡವೇ. ನಿಲ್ಲಿಸಿ ಅನ್ನಬೇಕು, ಈಗಲೇ ಅನ್ನಬೇಕು, ಇನ್ನೂ ಒಂದು ಮೂಲೆ ತೆರೆದಿದೆ, ಅಷ್ಟು ಜಾಗ ಬಿಟ್ಟರೂ ಕಂಬಿ ಕತ್ತರಿಸಿ ಇಳಿಸಬಹುದು, ಆದರೆ ನಿಲ್ಲಿಸಿ ಅಂದರೆ ಯಾಕೆ ಅನ್ನುತ್ತಾನೆ ಚೆಲುವಯ್ಯ, ಯಾಕೆ ಅಂತ ಹೇಳಿದರೆ ನಗುತ್ತಾನೆ, ಬಾಡೂಟವಿಲ್ಲದ ಸಿಟ್ಟನ್ನೆಲ್ಲ ಸೇರಿಸಿ ನಗುತ್ತಾನೆ, ಸಂಜೆಯೊಳಗೆ ಟೀ ಅಂಗಡಿಯಲ್ಲಿ, ನಾಳೆ ಹೂಟಗಳ್ಳಿ ಗೇಟಿನಲ್ಲಿ, ಇನ್ನು ವಿಶ್ವನಾಥ್ ಇದ್ದಾನೆ, ಮುದುಕನಾಗುವವರೆಗೂ ಹೇಳಿಕೊಂಡು ತಿರುಗುತ್ತಾನೆ — ಲೇತನ್ನು ಬಿಚ್ಚಿ ತಂದರೆ, ಬಿಚ್ಚಿದರೂ ಅದರ ಅಡಿಪೀಠ, ಆ ಬೆಡ್ಡು, ಒಂದೇ ಎರಕ, ಬಾಗಿಲಿಗಿಂತ ಅಗಲ, ಚೌಕಟ್ಟು ಒಡೆದರೆ, ಚೌಕಟ್ಟು ಸಾಗುವಾನಿ, ಹಬ್ಬಕ್ಕೊಮ್ಮೆ ಎಣ್ಣೆ ಹಚ್ಚಿ ಮುದ್ದು ಮಾಡುವ ಚೌಕಟ್ಟು, ಅದನ್ನು ಮುಟ್ಟುತ್ತೇನೆ ಅಂದರೆ ಆ ಒದ್ದೆ ಬಟ್ಟೆ ನನ್ನ ಮುಖಕ್ಕೇ ಬರುತ್ತದೆ. ಮತ್ತೊಂದು ಬಾಂಡ್ಲಿ, ಓರೆಯಾಗಿ, ಮತ್ತೊಂದು, ಚೆಲುವಯ್ಯ ಕರಣೆಯಲ್ಲಿ ಸವರುತ್ತಾನೆ, ಮೂಲೆ ಕಿರಿದಾಗುತ್ತದೆ, ಬಾಯಿ ತೆರೆಯುತ್ತೇನೆ, ಏನಣ್ಣಾ ಅನ್ನುತ್ತಾನೆ ಅವನು, ಏನಿಲ್ಲ, ಚೆನ್ನಾಗಿ ಬರ್ತಾ ಇದೆ ಅನ್ನುತ್ತೇನೆ, ಥೂ ನನ್ನ ಬಾಯಿಗಿಷ್ಟು, ಒಂದು ನಗುವಿಗೆ ಹೆದರಿ ಇಷ್ಟು ವರ್ಷದ ಆಸೆಗೆ ನಾನೇ ಮುಚ್ಚಳ ಹಾಕಿಸುತ್ತಿದ್ದೇನೆ, ಅಯ್ಯೋ ನಿಲ್ಲಿಸಿ, ಜೋರಾಗಿ ಅನ್ನು, ನಿಲ್ಸಿ, ಅಂದೇಬಿಟ್ಟೆ, ನಿಲ್ಸೋದೇನು ಲಿಂಗರಾಜಣ್ಣ, ಮುಗ್ದೋಯ್ತು, ಕೊನೇ ಬಾಂಡ್ಲಿ ಕಣ್ರೀ ಅದು.

ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ನಾನೂ ತಟ್ಟುತ್ತೇನೆ, ಶುಕ್ರವಾರ ಮರೀಬೇಡಪ್ಪಾ ಅನ್ನುತ್ತಾರೆ ಒಳಗಿಂದ ವೆಂಕಟಸುಬ್ಬಯ್ಯನವರು, ಕೆಳಗೆ ಆಸರೆ ಕಂಬಗಳ ನಡುವೆ ನನ್ನ ವರ್ಕ್‌ಶಾಪು ಕತ್ತಲಾಗಿ, ತಂಪಾಗಿ, ಲೇತಿಲ್ಲದೆ ಖಾಲಿಯಾಗಿದೆ, ಅಳು ಬರುತ್ತಿದೆ, ರೀ, ಊಟ ಬಂತು ರೀ, ಮಂಜುಶ್ರೀಯ ದನಿ, ಅವಳೂ ವಿಶ್ವನಾಥನೂ ಬಿಸಿಬೇಳೆ ಬಾತಿನ ದೊಡ್ಡ ಹಂಡೆಯನ್ನು ಆ ಕಡೆ ಈ ಕಡೆ ಹಿಡಿದು ಕೆಂಪು ನೆಲ ದಾಟಿ ಹಿತ್ತಿಲ ಬಾಗಿಲಿಗೆ ಬಂದರು, ಠಣ್ — ಹಂಡೆ ಸಿಕ್ಕಿಕೊಂಡಿತು, ತಳ್ಳಿದರು, ಇನ್ನೂ ಬಿಗಿಯಿತು, ಓರೆ ಮಾಡ್ರೋ ಅಂದರು ಚೂಡಾಮಣಿಯಮ್ಮ, ಮರುಕ್ಷಣವೇ ಅಯ್ಯೋ ಬೇಡ ಚೆಲ್ಲತ್ತೆ ಅಂದರು, ಮುಂದಕ್ಕೂ ಬರದು ಹಿಂದಕ್ಕೂ ಹೋಗದು, ಎಲ್ಲರೂ ನಗುತ್ತಿದ್ದಾರೆ, ಚೆಲುವಯ್ಯನೊಬ್ಬ ನಗುತ್ತಿಲ್ಲ, ಹಂಡೆ ನೋಡಿದ, ಬಾಗಿಲು ನೋಡಿದ, ಕಾಲ ಕೆಳಗಿನ ಹಸಿ ಸೂರು ನೋಡಿದ, ನಿಧಾನವಾಗಿ ನನ್ನ ಕಡೆ ತಿರುಗಿ, ಲಿಂಗರಾಜಣ್ಣ, ನಿಮ್ಮ ಲೇತು — ಹಬೆಯಾಡುತ್ತಿದೆ ಹಂಡೆ, ಚೌಕಟ್ಟಿನ ನಡುವೆ, ಎರಡೂ ಕಡೆ ಕಚ್ಚಿಕೊಂಡು, ಇದನ್ನು ಬಿಡಿಸಬೇಕಾದರೂ ಚೌಕಟ್ಟು ಒಡೆಯಲೇಬೇಕಲ್ಲ, ಹಂಡೆ, ಬಾಗಿಲು, ಹಂಡೆ