ಕಂಡೆ, ಕಂಡಿತು

ಸಂಹಿತಾಳಿಗೆ ಅನುಮಾನ ಶುರುವಾದದ್ದು ಒಂದು ಹಕ್ಕಿಯಿಂದ. ಹಕ್ಕಿ ತನ್ನ ಪಾಡಿಗೆ ತಾನು ಕಾಳು ತಿಂದುಕೊಂಡಿತ್ತು, ಅದರದೇನೂ ತಪ್ಪಿಲ್ಲ. ಕಣ್ಣು ಕುಕ್ಕಿದ್ದು ಅದರ ಹೆಸರಿನ ಮುಂದಿದ್ದ ಜಾಗ. ಪಟ್ಟಿಯಲ್ಲಿ 2016ರ ಜನವರಿ ಒಂಬತ್ತರ ಸಾಲು ಹೀಗಿತ್ತು: ವೇರೀಡ್ ಥ್ರಷ್, ಪೋರ್ಟರ್ ರ್ಯಾಂಚ್ ಹಿತ್ತಿಲು, ಬೆಳಿಗ್ಗೆ ಏಳೂ ಇಪ್ಪತ್ತು, ದೀಪ್ತಿ, ಕಂಡೆ.

ಕಿತ್ತಳೆ ಬಣ್ಣದ ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ ಇರುವ ಈ ಹಕ್ಕಿ ಉತ್ತರದ ಕಾಡುಗಳದ್ದು. ಚಳಿಗಾಲದಲ್ಲಿ ಲಾಸ್ ಏಂಜಲೀಸ್ ಕಡೆಗೆ ಎಲ್ಲೋ ಒಂದೊಂದು ದಾರಿ ತಪ್ಪಿ ಬರುವುದುಂಟು. ಸಂಹಿತಾ ಮೂರು ಚಳಿಗಾಲ ಕುತ್ತಿಗೆ ನೋಯುವಷ್ಟು ಮರಗಳನ್ನು ನೋಡಿದ್ದಳು, ಒಂದೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅದು ದೀಪ್ತಿಯ ಹಿತ್ತಿಲಿಗೆ ತಾನಾಗಿ ಬಂತು ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯಿತು. ಆದರೆ ವಿಷಯ ಹೊಟ್ಟೆಯುರಿಗೆ ನಿಲ್ಲಲಿಲ್ಲ. ಜನವರಿ ಒಂಬತ್ತರಂದು ದೀಪ್ತಿ ಆ ಮನೆಯಲ್ಲಿ ಇರಲೇ ಇಲ್ಲ.

ಪಟ್ಟಿ ಹುಟ್ಟಿದ್ದು ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿಯಲ್ಲಿ, ಒಂದು ಬಾಡಿಗೆ ಮನೆಯ ಬಾಲ್ಕನಿಯಲ್ಲಿ, ಮೂರು ಜನ ವಿದ್ಯಾರ್ಥಿಗಳಿಂದ. ಮೈಸೂರಿನ ಸಂಹಿತಾ, ತುಮಕೂರಿನ ದೀಪ್ತಿ, ಕೆಳಗಿನ ಮನೆಯ ಧಾರವಾಡದ ಸುಮುಖ. ನವೆಂಬರ್ ಒಂದರಿಂದ ಫೆಬ್ರವರಿ ಮುಗಿಯುವ ತನಕ ಯಾರು ಯಾವ ಹಕ್ಕಿ ಕಂಡರೂ ಕನ್ನಡದಲ್ಲಿ ಬರೆಯಬೇಕು, ಮೂವರೂ ಕಂಪ್ಯೂಟರಿನಲ್ಲಿ ತೆರೆದು ನೋಡುವಂಥ ಒಂದೇ ಪಟ್ಟಿಯಲ್ಲಿ. ಫೋಟೋ ಬೇಕಿಲ್ಲ, ಸಾಕ್ಷಿ ಬೇಕಿಲ್ಲ. ಸ್ವಂತ ಕಣ್ಣಿನಿಂದ ನೋಡಿರಬೇಕು, ಅಷ್ಟೆ. ಹೆಚ್ಚು ಹಕ್ಕಿ ಕಂಡವರು ಆ ವರ್ಷಕ್ಕೆ ಮೊದಲು. ಸ್ನೇಹಿತರ ಮಧ್ಯೆ ಬಾಯಿಮಾತಿಗಿಂತ ದೊಡ್ಡ ಸಾಕ್ಷಿ ಯಾಕೆ ಎಂದು ಆಗ ಹೇಳಿದವಳು ಸಂಹಿತಾಳೇ.

ಪಟ್ಟಿಯನ್ನು ನೋಡಿಕೊಳ್ಳುವ ಕೆಲಸವನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ, ಅವಳೇ ತೆಗೆದುಕೊಂಡಿದ್ದಳು. ಅವಳ ಅಪ್ಪ ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಕರಡು ತಿದ್ದಿದವರು. ಮಗಳ ಕೈಯೂ ಸುಮ್ಮನೆ ಕೂರುತ್ತಿರಲಿಲ್ಲ. ತಾನು ‘ಕಂಡೆ’ ಎಂದು ಬರೆದರೆ ಸುಮುಖ ‘ಸಿಕ್ತು’ ಎಂದು ಬರೆಯುತ್ತಿದ್ದ, ಈ ವರ್ಷ ದೀಪ್ತಿ ಇದ್ದಕ್ಕಿದ್ದಂತೆ ‘ಕಂಡಿತು’ ಎಂದು ಶುರುಮಾಡಿದ್ದಳು. ಸಂಹಿತಾ ಪ್ರತಿ ಭಾನುವಾರ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಎಲ್ಲವನ್ನೂ ‘ಕಂಡೆ’ ಎಂದು ಒಪ್ಪ ಮಾಡುತ್ತಿದ್ದಳು. ಕಾಲಂ ಒಂದೇ ಸಮನಾಗಿ ಕಂಡರೆ ಅವಳ ಮನಸ್ಸಿಗೆ ಹಾಯೆನಿಸುತ್ತಿತ್ತು. ‘ನನ್ನ ಸಾಲು ತಿದ್ದಬೇಡ ಕಣೇ, ಆಮೇಲೆ ಹೇಳ್ತೀನಿ’ ಎಂದು ದೀಪ್ತಿ ಒಮ್ಮೆ ಮೆಸೇಜ್ ಕಳಿಸಿದ್ದಳು. ಇದೊಂದು ಹಟ ಎಂದುಕೊಂಡು ಸಂಹಿತಾ ತಿದ್ದುತ್ತಲೇ ಹೋದಳು.

ದೀಪ್ತಿ ಓದು ಮುಗಿಸಿ ಲಾಸ್ ಏಂಜಲೀಸ್‌ನ ಪೋರ್ಟರ್ ರ್ಯಾಂಚ್ ಬಡಾವಣೆಯಲ್ಲಿದ್ದ ಸೋದರಮಾವ ಉದಯಶಂಕರರ ಮನೆಗೆ ಹೋಗಿ ಐದು ತಿಂಗಳಾಗಿತ್ತು. ಆ ಚಳಿಗಾಲ ಅಲ್ಲಿಯ ಬೆಟ್ಟದ ಮೇಲಿನ ಬಾವಿಯಿಂದ ಗ್ಯಾಸ್ ಸೋರತೊಡಗಿ, ತಲೆನೋವು, ವಾಂತಿ ಎಂದು ಜನ ಮನೆ ಬಿಡುತ್ತಿದ್ದರು. ಟಿ.ವಿ.ಯಲ್ಲಿ ದಿನವೂ ಅದೇ ಸುದ್ದಿ. ಒಂದು ಸಂಜೆ ಸುಮುಖ ಯಾವುದೋ ಮಾತಿನ ಮಧ್ಯೆ, “ದೀಪ್ತಿ ಮಾವನ ಮನಿಯವರು ಡಿಸೆಂಬರ್ ಹದಿನೆಂಟಕ್ಕ ವುಡ್‌ಲ್ಯಾಂಡ್ ಹಿಲ್ಸ್‌ನಾಗ ಹೋಟೆಲಿಗೆ ಹೋಗ್ಯಾರಂತ. ನಮ್ಮಣ್ಣ ಹೇಳಿದ, ಅವನೂ ಅಕಿ ಮಾವನೂ ಒಂದೇ ಆಫೀಸಿನ್ಯಾಗ ಅದಾರ,” ಎಂದ.

ಸಂಹಿತಾ ಅಂದೇ ಕೂತು ಎಣಿಸಿದಳು. ಡಿಸೆಂಬರ್ ಹದಿನೆಂಟರ ನಂತರ ಪೋರ್ಟರ್ ರ್ಯಾಂಚ್ ಹಿತ್ತಿಲಿನ ಹೆಸರಲ್ಲಿ ಇಪ್ಪತ್ಮೂರು ಸಾಲು. ಎಲ್ಲವೂ ಬೆಳಿಗ್ಗೆ ಏಳರಿಂದ ಎಂಟರೊಳಗೆ. ಆ ಇಪ್ಪತ್ಮೂರರಿಂದಲೇ ದೀಪ್ತಿ ಈ ವರ್ಷ ಮೊದಲಿದ್ದಳು. ಹಿಂದಿನ ಎರಡೂ ವರ್ಷ ಮೊದಲಿದ್ದವಳು ಸಂಹಿತಾ.

ಫೋನ್ ಮಾಡಿ ಸುತ್ತುಬಳಸಿ ಕೇಳಿದಳು.

“ಎಲ್ಲಿದೀಯೇ? ಮನೇಲೇನಾ?”

“ಹ್ಞೂಂ, ಇಲ್ಲೇ ಇದೀನಿ,” ಎಂದಳು ದೀಪ್ತಿ.

ಹಿಂದಿನಿಂದ ಲಿಫ್ಟಿನ ಗಂಟೆ ಟಿಣ್ ಎಂದಿತು. ಪೋರ್ಟರ್ ರ್ಯಾಂಚ್‌ನ ಮನೆಗೆ ಲಿಫ್ಟ್ ಎಲ್ಲಿಂದ ಬರಬೇಕು? ಸಂಹಿತಾ ಗ್ಯಾಸ್ ವಿಷಯ ಎತ್ತಿದಳು. ದೀಪ್ತಿ ತಡವರಿಸಿ, ಒಲೆ ಮೇಲೆ ಏನೋ ಇಟ್ಟಿದ್ದೇನೆ ಎಂದು ಫೋನಿಟ್ಟಳು. ಹೋಟೆಲಿನಲ್ಲಿ ಒಲೆ! ಅಲ್ಲಿಂದ ಮುಂದೆ ಸಂಹಿತಾಳಿಗೆ ಗೆಳತಿಯ ಪ್ರತಿ ಮಾತಿನ ಹಿಂದೆಯೂ ಇನ್ನೊಂದು ಮಾತು ಕೇಳತೊಡಗಿತು. ಹಳೆಯ ವರ್ಷಗಳ ಸಾಲುಗಳನ್ನೂ ತೆಗೆದು ನೋಡಿದಳು. ಆವತ್ತು ಮಂಜಿನಲ್ಲಿ ಅವಳೊಬ್ಬಳೇ ನೋಡಿದ ಗಿಡುಗ, ಅದೂ ನಿಜವೋ ಸುಳ್ಳೋ? ಅನುಮಾನ ಹಾಗೆಯೇ, ಒಂದು ಸಲ ಒಳಗೆ ಬಿಟ್ಟುಕೊಂಡರೆ ಹಳೆಯ ಕಪಾಟನ್ನೂ ತೆರೆದು ಕೂರುತ್ತದೆ.

ಇದು ಬರೀ ಆಟವಾಗಿದ್ದರೆ ಅಲ್ಲಿಗೇ ತಣ್ಣಗಾಗುತ್ತಿತ್ತೇನೋ. ಜನವರಿಯ ಕೊನೆಯ ಮಂಗಳವಾರ ಸಂಹಿತಾಳ ಪ್ರೊಫೆಸರ್ ಅವಳನ್ನು ಕರೆದರು. ನದಿ ಕಡಲು ಸೇರುವ ಅಳಿವೆಯಲ್ಲಿ ಹಕ್ಕಿ ಎಣಿಸಲು ಅವರಿಗೆ ಒಬ್ಬರು ಬೇಕಾಗಿತ್ತು, ದೀಪ್ತಿ ಅರ್ಜಿ ಹಾಕಿದ್ದಳು, ಅರ್ಜಿಯಲ್ಲಿ ಮೂರು ಚಳಿಗಾಲದ ಈ ಪಟ್ಟಿಯ ಬಗ್ಗೆಯೂ ಬರೆದಿದ್ದಳು. ಪ್ರೊಫೆಸರ್ ಹೆಚ್ಚು ಮಾತಿನವರಲ್ಲ. ಈ ಹುಡುಗಿ ಕಂಡೆ ಎಂದು ಬರೆದರೆ ನಾನು ಕಣ್ಣುಮುಚ್ಚಿ ನಂಬಬಹುದೇ, ಗುರುವಾರದೊಳಗೆ ನಾಲ್ಕು ಸಾಲು ಬರೆದು ಕಳಿಸು ಎಂದರು.

ಆ ಕೆಲಸ ದೀಪ್ತಿಗೆ ಎಷ್ಟು ಬೇಕಾಗಿತ್ತೆಂದು ಸಂಹಿತಾಳಿಗೆ ಗೊತ್ತಿತ್ತು. ಓದು ಮುಗಿದ ಮೇಲೆ ಸಿಗುವ ಕೆಲಸದ ಪರವಾನಗಿ ಶುರುವಾದ ದಿನದಿಂದ, ಕೆಲಸವಿಲ್ಲದೆ ಈ ದೇಶದಲ್ಲಿ ಇರಲು ಕೊಡುವುದು ಒಟ್ಟು ತೊಂಬತ್ತು ದಿನ. ದೀಪ್ತಿಯ ಎಪ್ಪತ್ತು ದಿನ ಆಗಲೇ ಮುಗಿದಿದ್ದವು. ಇದು ಸಿಗದಿದ್ದರೆ ಅವಳು ಗಂಟುಮೂಟೆ ಕಟ್ಟಬೇಕು.

ಸಂಹಿತಾ ಎರಡು ದಿನ ಒದ್ದಾಡಿದಳು. ಒದ್ದಾಡಿದಳೇ ಹೊರತು ದೀಪ್ತಿಯನ್ನು ನೇರವಾಗಿ ಕೇಳಲಿಲ್ಲ. ಸುಳ್ಳು ಹೇಳುವವರನ್ನು ಕೇಳಿ ಏನು ಪ್ರಯೋಜನ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಗುರುವಾರ ಮಧ್ಯಾಹ್ನ ಬರೆದಳು: ದೀಪ್ತಿ ಶ್ರಮಜೀವಿ, ಶಿಸ್ತಿನವಳು. ಆದರೆ ಈ ವರ್ಷ ಅವಳು ನೋಡಿದೆ ಎಂದು ಬರೆದ ಹಕ್ಕಿಗಳಿಗೆ ನಾನು ಹೊಣೆ ನಿಲ್ಲಲಾರೆ. ಕಳಿಸಿದ ಮೇಲೆ ಅದನ್ನೇ ನಾಲ್ಕು ಸಲ ತೆರೆದು ಓದಿದಳು. ಸತ್ಯ ಹೇಳಿದವರು ಹೀಗೆಲ್ಲ ಮಾಡಬೇಕಾಗಿಲ್ಲ. ಬರೆದದ್ದು ಸರಿ ಎಂದು ತನಗೇ ರುಜುವಾತು ಬೇಕು ಅನ್ನಿಸಿ ಸುಮುಖನ ಬೆನ್ನು ಬಿದ್ದಳು. ಶನಿವಾರ ಬೆಳಗಿನ ಜಾವ ಇಬ್ಬರೂ ಅವನ ಕಾರಿನಲ್ಲಿ ಹೊರಟರು.

“ನೀ ಪೊಲೀಸ್ ಖಾತೆಗೆ ಹೋಗಬೇಕಿತ್ತು ನೋಡು,” ಎಂದ ಸುಮುಖ ಡ್ರೈವ್ ಮಾಡುತ್ತ. “ಅಕಿನ್ನ ಒಂದು ಮಾತು ಕೇಳಿದ್ರ ಮುಗೀತಿತ್ತು.”

“ಕೇಳ್ದೆ. ಇಲ್ಲೇ ಇದೀನಿ ಅಂತ ಸುಳ್ಳು ಹೇಳಿದ್ಲು.”

“ಇಲ್ಲೇ ಅಂದ್ರ ಎಲ್ಲೆ ಅಂತ ಕೇಳಿದೇನು?”

ಸಂಹಿತಾ ಕಿಟಕಿಯ ಕಡೆ ತಿರುಗಿದಳು.

ಅವರು ಪೋರ್ಟರ್ ರ್ಯಾಂಚ್ ತಲುಪಿದಾಗ ಏಳೂ ಕಾಲು. ಬೀದಿಗೆ ಬೀದಿಯೇ ಪರದೆ ಎಳೆದುಕೊಂಡಿತ್ತು. ಉದಯಶಂಕರರ ಮನೆಯ ಮುಂದೆ ಮಾತ್ರ ಒಂದು ಕಾರು ನಿಂತಿತ್ತು. ಪಕ್ಕದ ಗೇಟಿಗೆ ಚಿಲಕ ಹಾಕಿರಲಿಲ್ಲ. ಸಂಹಿತಾ ಮೆಲ್ಲಗೆ ಹಿತ್ತಿಲಿಗೆ ಕಾಲಿಟ್ಟಳು, ಹಿಂದೆ ಸುಮುಖ. ನಿಂಬೆ ಗಿಡಕ್ಕೆ ಕಾಳಿನ ಡಬ್ಬಿ ತೂಗುಹಾಕಿತ್ತು. ಎದುರಿನ ದೊಡ್ಡ ಕಿಟಕಿಯ ಒಳಗೆ, ವಾಕಿಂಗ್ ಶೂ ಬಿಚ್ಚಿಟ್ಟು, ಸ್ವೆಟರ್ ಹಾಕಿಕೊಂಡ ಹೆಂಗಸೊಬ್ಬರು ಬೈನಾಕ್ಯುಲರ್ ಹಿಡಿದು ಕೂತಿದ್ದರು. ಬೈನಾಕ್ಯುಲರ್ ಇವರ ಕಡೆಗೇ ತಿರುಗಿತು.

ದೀಪ್ತಿಯ ಅತ್ತೆ, ಅರುಂಧತಿ ಆಂಟಿ. ಹಿಂದಿನ ಯುಗಾದಿಗೆ ಇದೇ ಮನೆಯಲ್ಲಿ ಸಂಹಿತಾಳಿಗೆ ಹೋಳಿಗೆ ಬಡಿಸಿದ್ದವರು. ಅವರು ಬಾಗಿಲನ್ನು ಒಂದು ಗೇಣು ಮಾತ್ರ ತೆರೆದು, ಸುಮುಖನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನಮ್ಮನೆಯವರು ಕಳಿಸಿದ್ರಾ?”

“ಇಲ್ಲ ಆಂಟಿ. ನಾವು... ಹಕ್ಕಿ ನೋಡೋಕೆ ಬಂದ್ವಿ,” ಎಂದಳು ಸಂಹಿತಾ. ಇಷ್ಟು ಹೊತ್ತು ಅನುಮಾನಿಸಿದವಳಿಗೆ ಈಗ ಅನುಮಾನಕ್ಕೆ ಉತ್ತರ ಕೊಡುವ ಪಾಳಿ ಬಂದಿತ್ತು.

“ನಿಮ್ಮಣ್ಣ ಇವರ ಆಫೀಸಲ್ಲೇ ಅಲ್ವೇನಪ್ಪಾ?”

“ನಾ ಯಾರಿಗೂ ಹೇಳಂಗಿಲ್ರಿ ಆಂಟಿ,” ಎಂದ ಸುಮುಖ, ಏನು ಹೇಳಬಾರದು ಎಂದು ಗೊತ್ತಿಲ್ಲದೆಯೇ.

ಒಳಗೆ ಹೋದ ಮೇಲೆ ಗೊತ್ತಾಯಿತು. ದೇವರ ಕೋಣೆಯಲ್ಲಿ ದೀಪ ಉರಿಯುತ್ತಿತ್ತು.

“ಗೃಹಪ್ರವೇಶ ಆದಾಗಿಂದ ಒಂದು ದಿನ ತಪ್ಪಿಲ್ಲ ಕಣಮ್ಮಾ. ಹೋಟೆಲಲ್ಲಿ ಹಚ್ಚಿದ್ರೆ ಹೊಗೆ ಅಲಾರಂ ಹೊಡ್ಕೊಳತ್ತೆ. ಇಲ್ಲಿ ಹಚ್ತೀನಿ ಅಂದ್ರೆ ಇವರು, ಗ್ಯಾಸ್ ಸೋರ್ತಿರೋ ಊರಲ್ಲಿ ಬೆಂಕಿಕಡ್ಡಿ ಗೀರ್ತೀಯಾ, ಆಮೇಲೆ ನನ್ನ ಮುಖ ನೋಡ್ಬೇಡ ಅಂದ್ರು. ಅದಕ್ಕೆ ವಾಕಿಂಗ್ ಅಂತ ಹೇಳಿ ಬರ್ತೀನಿ. ದೀಪ್ತಿ ಅಲ್ಲಿ ಮಾವಂಗೆ ತಿಂಡಿ ಕೊಟ್ಟು ಸಂಭಾಳಿಸ್ತಾಳೆ.”

“ಮತ್ತೆ ಹಕ್ಕಿ?”

“ದೀಪ ಊದಿ ಆರಿಸಬಾರದಲ್ಲ. ಉರಿಯೋದನ್ನ ಬಿಟ್ಟು ಹೋಗೋಕೂ ಭಯ. ಎಣ್ಣೆ ಸ್ವಲ್ಪವೇ ಹಾಕ್ತೀನಿ, ಅದು ಶಾಂತವಾಗೋ ತನಕ ಮುಕ್ಕಾಲು ಗಂಟೆ ಕೂತಿರ್ತೀನಿ. ಕೂತು ಏನು ಮಾಡ್ಲಿ? ದೀಪ್ತಿ ಈ ಬೈನಾಕ್ಯುಲರ್ ಕೊಟ್ಲು. ಕಂಡಿದ್ದನ್ನ ಫೋನಲ್ಲಿ ಹೇಳ್ತೀನಿ. ಕಣ್ಣ ಮೇಲೆ ಗೆರೆ ಇದೆಯಾ, ಕೊಕ್ಕು ಎಂಥಾದ್ದು, ಹತ್ತು ಪ್ರಶ್ನೆ ಕೇಳ್ತಾಳೆ. ಖಾತ್ರಿ ಆಗದಿದ್ರೆ ಬರೆಯೋದೇ ಇಲ್ಲ.”

ಸಂಹಿತಾ ಕೊನೆಯ ಒಂದು ಎಳೆ ಹಿಡಿದು ಕೇಳಿದಳು. “ಅವಳು ಅದನ್ನ ತಾನು ನೋಡಿದ್ದು ಅಂತ ಬರೀತಾಳಲ್ಲ ಆಂಟಿ?”

“ಇಲ್ಲಪ್ಪ. ನಿನ್ನದು ಅಂತಲೇ ಬರ್ಕೊ, ಯಾರಿಗೆ ಗೊತ್ತಾಗತ್ತೆ ಅಂತ ನಾನೇ ಹೇಳ್ದೆ. ಒಪ್ಪಲಿಲ್ಲ. ‘ಕಂಡೆ ಅಂತ ಬರೆಯಲ್ಲ ಅತ್ತೆ, ಕಂಡಿತು ಅಂತ ಬರೀತೀನಿ. ಯಾರಿಗೆ ಅಂತ ಕೇಳಿದ್ರೆ, ಮಾವಂಗೆ ತಿಳಿಸಬೇಡಿ ಅಂತ ಆಣೆ ಹಾಕಿ ಹೇಳ್ತೀನಿ’ ಅಂದ್ಲು. ಯಾರೂ ಕೇಳಲೇ ಇಲ್ವಂತೆ.”

ಅಷ್ಟರಲ್ಲಿ ಆಂಟಿ ಸುಮ್ಮನಿರಿ ಎಂದು ಕೈಮಾಡಿದರು. ನಿಂಬೆ ಗಿಡದ ಕೆಳಗೆ, ಒಣಗಿದ ಎಲೆ ಕೆದರುತ್ತ, ಕಿತ್ತಳೆ ಎದೆಯ ಹಕ್ಕಿ ಬಂದಿತ್ತು. ಎದೆಯ ಮೇಲೆ ಕಪ್ಪು ಪಟ್ಟಿ. ಮೂರು ಚಳಿಗಾಲ ಹುಡುಕಿದ ಹಕ್ಕಿ ಹದಿನೈದು ಅಡಿ ದೂರದಲ್ಲಿ ನಿಂತಿದ್ದರೂ ಸಂಹಿತಾಳಿಗೆ ಖುಷಿಯಾಗಲಿಲ್ಲ. ನಾಚಿಕೆಯಾಯಿತು.

ಕಾರಿಗೆ ಬಂದು ಫೋನಿನಲ್ಲಿ ಪಟ್ಟಿ ತೆರೆದಳು. ಯಾವ ದಿನ ಯಾರು ಏನು ತಿದ್ದಿದರೆಂದು ಅದು ಚಾಚೂ ತಪ್ಪದೆ ತೋರಿಸುತ್ತದೆ. ಇಪ್ಪತ್ಮೂರು ಸಾಲಿನಲ್ಲೂ ದೀಪ್ತಿ ಬರೆದದ್ದು ‘ಕಂಡಿತು’. ಇಪ್ಪತ್ಮೂರನ್ನೂ ‘ಕಂಡೆ’ ಮಾಡಿದವಳ ಹೆಸರು ಸಂಹಿತಾ. ಪಟ್ಟಿಯಲ್ಲಿ ಸುಳ್ಳು ಇತ್ತು ನಿಜ. ಅದನ್ನು ಬರೆದವಳು ಅವಳೇ, ಭಾನುವಾರ ಭಾನುವಾರ, ಕಾಫಿ ಕುಡಿಯುತ್ತ.

ಪ್ರೊಫೆಸರಿಗೆ ಅಲ್ಲಿಂದಲೇ ಮೇಲ್ ಕಳಿಸಿದಳು: ದೀಪ್ತಿ ಸುಳ್ಳು ಬರೆದಿಲ್ಲ, ತಪ್ಪು ತಿಳಿದದ್ದು ನಾನು, ಅವಳ ಕಣ್ಣಿಗೂ ಮಾತಿಗೂ ನಾನು ಹೊಣೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. ನಿನ್ನೆ ಸಂಜೆಯೇ ಇನ್ನೊಬ್ಬರಿಗೆ ಕೆಲಸ ಕೊಟ್ಟಾಗಿದೆ, ಅವರು ಒಪ್ಪಿಯೂ ಆಗಿದೆ, ವಿಷಾದವಿದೆ. ಅದರ ಕೆಳಗೇ, ನಿನ್ನೆ ರಾತ್ರಿ ದೀಪ್ತಿ ಕಳಿಸಿದ, ಇನ್ನೂ ತೆರೆಯದ ಮೆಸೇಜ್ ಇತ್ತು: ‘ಕೆಲಸ ಸಿಗಲಿಲ್ಲ ಕಣೇ. ನೀನು ಒಳ್ಳೇ ಮಾತೇ ಹೇಳಿರ್ತೀಯ, ಗೊತ್ತು. ಥ್ಯಾಂಕ್ಸ್.’

ಸಂಹಿತಾ ‘ತಪ್ಪಾಯ್ತು’ ಎಂದು ಒತ್ತಿದಳು. ಕಳಿಸಲಿಲ್ಲ.

“ಫೋನ್‌ನ್ಯಾಗ ಬ್ಯಾಡ,” ಎಂದ ಸುಮುಖ. “ಹೋಟೆಲ್ ಇಲ್ಲಿಂದ ಇಪ್ಪತ್ತು ನಿಮಿಷ.”

ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡಳು, ಯಾವುದೂ ಜೋಡಣೆಯಾಗಲಿಲ್ಲ. ಹೋಟೆಲಿನ ಮೂರನೇ ಮಹಡಿಯಲ್ಲಿ ಲಿಫ್ಟ್ ಟಿಣ್ ಎಂದಿತು, ಅದೇ ಗಂಟೆ. ಬಾಗಿಲು ತೆರೆದ ದೀಪ್ತಿಯ ಕೈಯಲ್ಲಿ ಉಪ್ಪಿಟ್ಟಿನ ಸೌಟಿತ್ತು. ಅವಳ ಹಿಂದೆ ಸಣ್ಣ ಅಡುಗೆ ಕಟ್ಟೆ, ಕಟ್ಟೆಯ ಮೇಲೆ ಕರೆಂಟಿನ ಒಲೆ. ಹೋಟೆಲಿನಲ್ಲಿ ಒಲೆ ಇತ್ತು.

“ನೀನು? ಇಷ್ಟು ಬೆಳಿಗ್ಗೆ?” ಎಂದು ನಕ್ಕ ದೀಪ್ತಿ, ಗೆಳತಿಯ ಮುಖ ನೋಡಿ ನಗು ನಿಲ್ಲಿಸಿದಳು. ಇನ್ನು ಹದಿನಾರು ದಿನಕ್ಕೆ ಈ ದೇಶ ಬಿಡಬೇಕಾದವಳು ಅವಳು, ಗಾಬರಿಯಾದದ್ದು ಮಾತ್ರ ಇವಳಿಗಾಗಿ. “ಏನಾಯ್ತೇ?”

“ತಪ್ಪಾಯ್ತು,” ಎಂದಳು ಸಂಹಿತಾ.

“ಯಾರಿಂದ?”

ಈ ಒಂದೂವರೆ ತಿಂಗಳಲ್ಲಿ ತಾನು ಒಂದೇ ಒಂದು ಸಲ ಕೇಳಬೇಕಿದ್ದದ್ದು ಇಂಥದೇ ಪ್ರಶ್ನೆ.

“ನಾನು ಮಾಡಿದೆ ದೀಪ್ತಿ,” ಎಂದಳು. “ಒಳಗೆ ಬಂದು ಹೇಳಲಾ, ಇಲ್ಲೇ ನಿಂತು ಹೇಳಲಾ?”

ದೀಪ್ತಿ ಬಾಗಿಲು ಬಿಟ್ಟು ಸರಿಯಲಿಲ್ಲ. “ಇಲ್ಲೇ ಹೇಳು,” ಎಂದಳು.