ಆರನೆಯ ಸಹಿ

ಹನ್ನೊಂದನೆಯ ಅರ್ಜಿಯ ಮೇಲೆ ಹೆಂಡತಿಯ ಫೋಟೋ ಕಂಡಾಗ ಮಹಾಬಲ ಶೆಟ್ಟರು ಇದು ಯಾರೋ ಮಾಡಿದ ತಮಾಷೆ ಎಂದುಕೊಂಡರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಜಲಜಾಕ್ಷಿಯೇ. ರೇಷನ್ ಕಾರ್ಡಿಗೆ ತೆಗೆಸಿದ್ದ ಅದೇ ಗಂಭೀರ ಮುಖ. ವಯಸ್ಸು ಐವತ್ತಾರು. ಉದ್ಯೋಗ ಹೊಲಿಗೆ. ಸೂಚಕರು ಡಾಕ್ಟರ್ ಉಜ್ವಲಾ, ಅನುಮೋದಕರು ಕುಂಞ.

"ಕುಂಞಣ್ಣ, ಇದೆಂತದು?"

ಎದುರಿನ ಬೆಂಚಿನಲ್ಲಿ ಪೇಪರ್ ಓದುತ್ತಿದ್ದ ಕುಂಞ ತಲೆ ಎತ್ತಲಿಲ್ಲ. ಮೂವತ್ತು ವರ್ಷ ಅಂಚೆ ಹಂಚಿದ ಮನುಷ್ಯ. ಯಾರ ಕಾಗದಕ್ಕೆ ಯಾರು ಹೇಗೆ ಬೆಚ್ಚುತ್ತಾರೆಂಬುದು ಅವನಿಗೆ ಹೊಸತಲ್ಲ.

"ಅರ್ಜಿ," ಎಂದ.

"ಅದು ಗೊತ್ತುಂಟು. ನನ್ನ ಹೆಂಡತಿದು."

"ಹೆಂಡತಿ ಅರ್ಜಿ ಹಾಕಬಾರದು ಅಂತ ನಿಮ್ಮ ನಿಯಮದಲ್ಲಿ ಎಲ್ಲಿ ಉಂಟು ಶೆಟ್ರೇ? ಸಂಬಂಧಿಕರು ಸೂಚಕರಾಗಬಾರದು ಅಂತ ಉಂಟು. ಅದಕ್ಕೇ ನಾನೂ ಡಾಕ್ಟ್ರೂ ಸಹಿ ಹಾಕಿದ್ದು."

ನಿಮ್ಮ ನಿಯಮ ಎಂದದ್ದು ಸುಳ್ಳಲ್ಲ. ಹವ್ಯಾಸಿಗಳ ಸರ್ವಿಸ್ ರೈಫಲ್ ಪಂದ್ಯದ ನಿಯಮಾವಳಿ ಬಂದದ್ದು ಇಂಗ್ಲಿಷಿನಲ್ಲೂ ಮಲಯಾಳದಲ್ಲೂ. ಅದನ್ನು ಬೋವಿಕಾನದ ಕ್ಲಬ್ಬಿನವರಿಗಾಗಿ ಕನ್ನಡಕ್ಕೆ ಇಳಿಸಿ, ಮುದ್ದಾದ ಅಕ್ಷರದಲ್ಲಿ ಬರೆದು, ಜೆರಾಕ್ಸ್ ಮಾಡಿ ಹಂಚಿದವರು ಕಾರ್ಯದರ್ಶಿ ಮಹಾಬಲ ಶೆಟ್ಟರೇ. ಹಿಂದೊಮ್ಮೆ ಸೈನಿಕರು ಹೊತ್ತು ತಿರುಗುತ್ತಿದ್ದಂಥ ರೈಫಲಿನಲ್ಲಿ, ದುರ್ಬೀನು ಕಟ್ಟದೆ, ಬರಿಗಣ್ಣಿನಿಂದ ಗುರಿ ಹಿಡಿಯುವ ಪಂದ್ಯ ಅದು. ಸದ್ಯ ಬಂದೂಕು ಹಿಡಿದು ಸಂಬಳ ತೆಗೆದುಕೊಳ್ಳುವವರಿಗೆ ಪ್ರವೇಶವಿಲ್ಲ. ಶೆಟ್ಟರು ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು, ಆದ್ದರಿಂದ ಅಡ್ಡಿಯಿಲ್ಲ. ಸತತ ಮೂರು ವರ್ಷ ಎರಡನೆಯ ಸ್ಥಾನಕ್ಕೆ ಬಂದು ನಿಂತಿದ್ದರು. ಈ ಸಲ ಮೊದಲನೆಯದು ಬಿಡಬಾರದೆಂದು ಬೆಳಿಗ್ಗೆ ಚಹಾದಲ್ಲಿ ಸಕ್ಕರೆಯನ್ನೂ ಬಿಟ್ಟಿದ್ದರು.

ಅರ್ಜಿಗೆ ಲಗತ್ತಿಸಿದ ಅಭ್ಯಾಸದ ಕಾರ್ಡನ್ನು ನೋಡಿದರು. ಹೊಸ ಸದಸ್ಯರು ಪಂದ್ಯಕ್ಕಿಳಿಯಬೇಕಾದರೆ ಮೇಲ್ವಿಚಾರಕರ ಎದುರು ಆರು ಅಭ್ಯಾಸ, ಆರು ಸಹಿ. ಕಾರ್ಡಿನಲ್ಲಿ ಉಜ್ವಲಾಳ ಐದು ಸಹಿಗಳಿದ್ದವು, ಐದೂ ಬುಧವಾರ. ಆರನೆಯ ಮನೆ ಖಾಲಿ. ಅರ್ಜಿಗೆ ಇವತ್ತು ಸಂಜೆ ಐದು ಗಂಟೆ ಕೊನೆ.

ಕ್ಲಬ್ಬಿನ ಮಹಡಿ ಇಳಿದು, ಮೂರು ಅಂಗಡಿ ದಾಟಿ, ಹೆಂಡತಿಯ ಹೊಲಿಗೆ ಅಂಗಡಿಯ ಮುಂದೆ ನಿಂತರು. ಜಲಜಾಕ್ಷಿ ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದಳು. ಗಂಡನ ಕೈಯಲ್ಲಿದ್ದ ಕಾಗದ ನೋಡಿ ಮೆಷಿನ್ ನಿಲ್ಲಿಸಿದಳು.

"ಬುಧವಾರ ಬುಧವಾರ ಮಧೂರಿಗೆ ಹೋಗ್ತೇನೆ ಹೇಳ್ತಿದ್ದದ್ದು?"

"ಹೋಗ್ತಿದ್ದೆ. ದೇವರಿಗೆ ಕೈ ಮುಗಿದು, ಅಲ್ಲಿಂದ ಈಚೆ ಬಂದು ಗುಂಡು ಹೊಡೀತಿದ್ದೆ."

ಶುರುವಾದದ್ದು ಒಂದು ಕೋಟಿನಿಂದ. ದನದ ಡಾಕ್ಟರಾದ ಉಜ್ವಲಾ ಭುಜಕ್ಕೆ ದಪ್ಪ ಮೆತ್ತೆಯಿರುವ ಶೂಟಿಂಗ್ ಕೋಟು ಹೊಲಿಯಲು ಕೊಟ್ಟಿದ್ದಳು. ರೈಫಲಿನ ಹಿಂಬದಿ ಭುಜದಲ್ಲಿ ಎಲ್ಲಿ ಕೂರುತ್ತದೆಂದು ತಿಳಿಯದೆ ಮೆತ್ತೆ ಹಾಕುವುದು ಹೇಗೆ? ನೋಡಲೆಂದು ಜಲಜಾಕ್ಷಿ ರೇಂಜಿಗೆ ಹೋದಳು. "ಒಮ್ಮೆ ಮಲಗಿ ನೋಡಿ ಜಲಜಕ್ಕ," ಎಂದಳು ಉಜ್ವಲಾ. ಜಲಜಕ್ಕ ಮಲಗಿ ನೋಡಿದಳು.

"ನನ್ನ ಹತ್ರ ಒಂದು ಮಾತು ಹೇಳಬಹುದಿತ್ತಲ್ಲ," ಎಂದರು ಶೆಟ್ಟರು. ಸಿಟ್ಟಾಗಬೇಕೆಂದು ಹೊರಟ ಸ್ವರ ಎಲ್ಲೋ ಮಧ್ಯದಲ್ಲಿ ಬೇರೆಯಾಗಿಬಿಟ್ಟಿತು.

"ಹೇಳಿದರೆ ನೀವು ಕಲಿಸಲಿಕ್ಕೆ ಬರ್ತಿದ್ರಿ. ಸ್ಕೂಟರ್ ಕಲಿಸಿದ್ದು ನೆನಪುಂಟಲ್ಲ?"

ನೆನಪಿತ್ತು. ಇಪ್ಪತ್ತು ವರ್ಷದ ಹಿಂದೆ ಎಡನೀರಿನ ರಸ್ತೆಯಲ್ಲಿ ಶೆಟ್ಟರು ಹಿಂದೆ ಕೂತು ಪರೇಡಿನಲ್ಲಿ ಕೂಗುವಂತೆ ಕೂಗಿದ್ದರು. ಅವಳು ನಡುದಾರಿಯಲ್ಲೇ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಇಳಿದು, ನಡೆದುಕೊಂಡು ಮನೆಗೆ ಬಂದಿದ್ದಳು. ಮತ್ತೆ ಅದನ್ನು ಮುಟ್ಟಿರಲಿಲ್ಲ.

"ಐದೇ ಸಹಿ ಉಂಟು," ಎಂದರು.

"ಆರನೆಯದು ಇವತ್ತು ಮಧ್ಯಾಹ್ನ ಅಂತ ಇತ್ತು. ಡಾಕ್ಟ್ರಿಗೆ ಈಗ ಫೋನ್ ಬಂತು, ಎಲ್ಲೋ ದನದ ಹೊಟ್ಟೆಯಲ್ಲಿ ಕರು ಅಡ್ಡ ಬಂದಿದೆಯಂತೆ. ಓಡಿದರು." ನೂಲಿನ ತುದಿಯನ್ನು ಹಲ್ಲಿನಲ್ಲಿ ಕಡಿದಳು. "ಇನ್ನು ಮೇಲ್ವಿಚಾರಕರು ಅಂತ ಇರುವುದು ನೀವೊಬ್ಬರೇ. ಆಗುವುದಿಲ್ಲ ಹೇಳಿದರೆ ಬೇಡ. ಬರುವ ವರ್ಷ ನೋಡುವ."

ಶೆಟ್ಟರು ಜೇಬಿನಿಂದ ನಿಯಮಾವಳಿ ತೆಗೆದು ಅಲ್ಲೇ ಓದಿದರು. ಗಂಡ ಸೂಚಕನಾಗಬಾರದು. ಮೇಲ್ವಿಚಾರಕನಾಗಬಾರದು ಎಂದು ಎಲ್ಲೂ ಇರಲಿಲ್ಲ.

"ಮೂರು ಗಂಟೆಗೆ ಬಾ. ಲೇಟಾಗಬಾರದು."

ರೇಂಜ್ ಎಂದರೆ ಕಲ್ಲು ಕಡಿದು ಬಿಟ್ಟ ಹಳೆಯ ಕೆಂಪುಕಲ್ಲಿನ ಕೋರೆ. ಮೂರು ಕಡೆ ಎತ್ತರದ ಕೆಂಪು ಗೋಡೆ, ಮೇಲೆ ಗೇರು ಮರಗಳು. ಗುಂಡು ಹೊಡೆಯುವವರು ಮಲಗುವ ಜಾಗದ ಮುಂದೆ ಸುಣ್ಣದಲ್ಲಿ ಒಂದು ಬಿಳಿ ಗೆರೆ. ರೈಫಲುಗಳೆಲ್ಲ ಖಾಲಿಯಾಗಿ, ಗುಂಡಿನ ಗೂಡು ಮುಚ್ಚುವ ಬೋಲ್ಟ್ ತೆರೆದು, ಮೇಲ್ವಿಚಾರಕರು 'ಕ್ಲಿಯರ್' ಎಂದು ಕೂಗುವವರೆಗೆ ಯಾರೂ ಅದನ್ನು ದಾಟಬಾರದು. ದಾಟಿದವರು ಆ ವರ್ಷದ ಪಂದ್ಯದಿಂದ ಹೊರಗೆ. ಕಳೆದ ವರ್ಷ ಕ್ಲಬ್ಬಿನ ಜಯಂತ್ ಪಂದ್ಯಕ್ಕೆಂದೇ ಶಾರ್ಜಾದಿಂದ ರಜೆ ಹಾಕಿ ಬಂದಿದ್ದ. ಅಭ್ಯಾಸದ ದಿನ ಅವನ ಒಂದು ಕಾಲು ಗೆರೆಯಾಚೆ ಬಿದ್ದದ್ದಕ್ಕೆ ಶೆಟ್ಟರು ಅವನ ಹೆಸರು ಹೊಡೆದುಹಾಕಿದ್ದರು.

ಜಲಜಾಕ್ಷಿ ಚೂಡಿದಾರದ ಮೇಲೆ ತಾನೇ ಹೊಲಿದ ಕೋಟು ಹಾಕಿ ಚಾಪೆಯ ಮೇಲೆ ಮಲಗಿದಳು. "ಲೋಡ್," ಎಂದರು ಶೆಟ್ಟರು. ಅವಳು ಹತ್ತು ಗುಂಡು ತುಂಬಿದಳು. "ಫೈರ್," ಎಂದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ತಾನು ಹೇಳಿದ್ದನ್ನು ಅವಳು ಹೀಗೆ ಮರುಮಾತಿಲ್ಲದೆ ಕೇಳಿದ್ದು ಇದೇ ಮೊದಲು ಎನ್ನಿಸಿ ನಗು ಬಂತು. ನಗಲಿಲ್ಲ.

ಸ್ಟ್ಯಾಂಡಿನ ಮೇಲಿನ ದುರ್ಬೀನಿನಲ್ಲಿ ಕಣ್ಣಿಟ್ಟು ನೋಡುತ್ತ ಹೋದಂತೆ ಅವರ ಬಾಯಿ ತಾನಾಗಿ ತೆರೆಯಿತು. ಗುಂಡುಗಳು ಒಂದರ ಪಕ್ಕ ಒಂದು, ಹೊಲಿಗೆ ಹಾಕಿದ ಹಾಗೆ ಕೂರುತ್ತಿದ್ದವು. ಉಸಿರು ಬಿಟ್ಟು, ಅರ್ಧದಲ್ಲಿ ಹಿಡಿದು, ಅವಸರವಿಲ್ಲದೆ ಹೊಡೆಯುತ್ತಿದ್ದಳು. ಈ ಕೈಯನ್ನು ನಾನು ದಿನಾ ನೋಡುತ್ತಿದ್ದೆನಲ್ಲ, ನೋಡಿದ್ದು ಎಂತದನ್ನು? ಹತ್ತು ಗುಂಡು ಮುಗಿಯಿತೆಂದುಕೊಂಡಾಗ ಗುರಿಹಲಗೆಯಲ್ಲಿ ಕಂಡದ್ದು ಒಂಬತ್ತೇ ತೂತು. ಹತ್ತನೆಯದು ಇನ್ನೊಂದರ ಒಳಗಿಂದಲೇ ಹೋಗಿದೆ! ಹತ್ತಿರದಿಂದ ನೋಡಲೇಬೇಕೆಂದು ಶೆಟ್ಟರು ಸರಸರನೆ ನಡೆದರು.

"ನಿಲ್ಲಿ!"

ಕೋರೆಯ ಮೂರು ಗೋಡೆಗಳೂ ಆ ಸ್ವರವನ್ನು ಎತ್ತಿಕೊಂಡವು. ಶೆಟ್ಟರು ನಿಂತಲ್ಲೇ ಕಲ್ಲಾದರು. ಕೆಳಗೆ ನೋಡಿದರೆ ಬಿಳಿ ಗೆರೆ ಹಿಂದೆ ಉಳಿದಿತ್ತು.

ಬೆನ್ನ ಹಿಂದೆ ಬೋಲ್ಟ್ ತೆರೆದ ಸದ್ದು. ಒಂದು ಗುಂಡು ಚಾಪೆಯ ಮೇಲೆ ಉರುಳಿತು. ಜಲಜಾಕ್ಷಿ ರೈಫಲನ್ನು ಕೆಳಗಿಟ್ಟು ಎದ್ದು ಕೂತಳು.

"ಇನ್ನೊಂದು ಉಳಿದಿತ್ತು ಮಾರಾಯ್ರೇ! ಒಂಬತ್ತೇ ಆದದ್ದು! ನಿಮಗೆ ಎಣಿಸಲಿಕ್ಕೆ ಬರುವುದಿಲ್ಲವಾ?" ಎಂದವಳು ಅತ್ತೇಬಿಟ್ಟಳು.

ಶೆಟ್ಟರು ಬಂದು ಪಕ್ಕದಲ್ಲಿ ನೆಲಕ್ಕೇ ಕೂತರು. ಅವಳ ಬೆನ್ನ ಮೇಲೆ ಕೈ ಇಟ್ಟರು. ಗೇರುಮರದ ಮೇಲೆ ಹಕ್ಕಿಗಳು ಮತ್ತೆ ಕೂಗಲು ಶುರುಮಾಡಿದವು. ಆಮೇಲೆ ಅವರು ಅವಳ ಕಾರ್ಡ್ ತೆಗೆದು ಆರನೆಯ ಮನೆಯಲ್ಲಿ ಸಹಿ ಹಾಕಿದರು. ಮತ್ತೆ ರೇಂಜಿನ ದಾಖಲೆ ಪುಸ್ತಕ ಬಿಡಿಸಿ ಬರೆಯತೊಡಗಿದರು.

ಜಲಜಾಕ್ಷಿ ಇಣುಕಿ ಓದಿ, ಪೆನ್ನು ಹಿಡಿದ ಕೈಯನ್ನು ಗಟ್ಟಿಯಾಗಿ ಹಿಡಿದಳು. "ಇದೆಲ್ಲ ಯಾಕೆ ಬರೆಯುವುದು? ಯಾರು ನೋಡಿದ್ದು? ನಾವಿಬ್ಬರೇ ಅಲ್ಲವಾ?"

"ಜಯಂತನದ್ದು ಒಂದು ಕಾಲು. ನನ್ನದು ಎರಡೂ ದಾಟಿತ್ತು."

"ಈ ವರ್ಷ ಗೆಲ್ಲಬೇಕು ಅಂತ ಸಕ್ಕರೆ ಬಿಟ್ಟಿದ್ರಿ."

"ಇವತ್ತು ಸಂಜೆಯಿಂದ ಹಾಕು. ಎರಡು ಚಮಚ."

ಅವಳು ಕೈ ಬಿಡಲಿಲ್ಲ. ಅವರೂ ಎಳೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಪೆನ್ನು ತೆಗೆದುಕೊಂಡು, ಸಾಕ್ಷಿ ಎಂದಿದ್ದ ಕಡೆ ನಿಧಾನವಾಗಿ ತನ್ನ ಹೆಸರು ಬರೆದಳು.

ಪಂದ್ಯದ ಭಾನುವಾರ ಶೆಟ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೋರೆಯ ಗೇಟಿಗೆ ಬಂದರು. ಕುಂಞ ಪ್ರೇಕ್ಷಕರ ಪುಸ್ತಕ ಮುಂದಿಟ್ಟ. ಹೆಸರು, ಊರು, ಯಾರ ಕಡೆಯವರು, ಏನು ಸಂಬಂಧ. ಶೆಟ್ಟರು 'ಜಲಜಾಕ್ಷಿ' ಎಂದು ಬರೆದು, ಮುಂದಿನ ಮನೆಯಲ್ಲಿ 'ಗಂಡ' ಎಂದು ಬರೆದು, ಹೆಂಡತಿಯ ಹೆಸರಿನ ಒತ್ತು ಸರಿಯಾಗಿ ಬಿದ್ದಿದೆಯೇ ಎಂದು ನೋಡಿದರು.

ಬೆನ್ನಿಗೆ ನಂಬರ್ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದ ಜಯಂತ್ ಅವರನ್ನು ಪ್ರೇಕ್ಷಕರ ಬೆಂಚಿನಲ್ಲಿ ಕಂಡು ನಿಂತ. ಸುದ್ದಿ ಅವನಿಗೂ ಮುಟ್ಟಿತ್ತು. ನಗುತ್ತಾನೆಂದು ಶೆಟ್ಟರು ಕಾದರು. ಅವನು ತನ್ನ ಟೊಪ್ಪಿ ತೆಗೆದು ಅವರ ಕೈಯಲ್ಲಿಟ್ಟ.

"ಇಲ್ಲಿ ಬಿಸಿಲು ಜಾಸ್ತಿ ಶೆಟ್ರೇ. ಕಳೆದ ವರ್ಷ ನಾನು ಕೂತಿದ್ದೆ, ಗೊತ್ತುಂಟು."

ಆ ದಿನ ಜಲಜಾಕ್ಷಿಗೆ ಸಿಕ್ಕಿದ್ದು ಏಳನೆಯ ಸ್ಥಾನ. ಆದರೆ ಅದು ಮಧ್ಯಾಹ್ನದ ಮಾತು. ಈಗಿನ್ನೂ ಹತ್ತು ಗಂಟೆ. ಬೇರೆ ಯಾರದೋ ಸ್ವರ "ಲೋಡ್" ಎಂದಿತು, ಶೆಟ್ಟರ ತುಟಿಯೂ ಸದ್ದಿಲ್ಲದೆ ಅಲುಗಿತು. ಬೆಂಚಿನಿಂದ ಅವಳ ಮುಖವಾಗಲಿ ಕೈಯಾಗಲಿ ಕಾಣುತ್ತಿರಲಿಲ್ಲ. ಚಾಪೆಯ ತುದಿಯಲ್ಲಿ, ಹೊಸ ಕ್ಯಾನ್ವಾಸ್ ಶೂಗಳ ಬಿಳಿಯ ಅಡಿಗಳು ಮಾತ್ರ, ಪಕ್ಕಪಕ್ಕದಲ್ಲಿ, ಸ್ವಲ್ಪವೂ ಅಲುಗದೆ.